ಸೆಕೆಂಡ್ ಹ್ಯಾಂಡ್ ಸೋಫಾ, ಬೀರುಗೆ ಹಿಡಿದ ಸಿಗರೇಟು ವಾಸನೆ: ಏನು ತೊಳೀಬೇಕು, ಏನು ಬಿಚ್ಚಿಸ್ಬೇಕು, ಏನು ಬಿಟ್ಟುಬಿಡ್ಬೇಕು

ಪ್ರಶ್ನೆ: "ನಾವು ಬೆಂಗಳೂರು ವಿಜಯನಗರದಲ್ಲಿ ಬಾಡಿಗೆ ಮನೇಲಿದೀವಿ. ಮಾರ್ಚಲ್ಲಿ ಒಬ್ಬರು ಮನೆ ಖಾಲಿ ಮಾಡ್ತಿದ್ರು, ಅವರ ಹತ್ರ ಸೋಫಾ ಸೆಟ್ಟು, ಹಳೇ ತೇಗದ ಬೀರು, ದಪ್ಪನೆ ಪರದೆಗಳು, ಒಂದು ಟೇಬಲ್ ಫ್ಯಾನು, ಒಂದು ಪೆಟ್ಟಿಗೆ ಕನ್ನಡ ಪುಸ್ತಕ ಎಲ್ಲಾ ಸೇರಿ 22 ಸಾವಿರಕ್ಕೆ ತಗೊಂಡ್ವಿ. ನೋಡೋಕೆ ಹೋದಾಗ ಕಿಟಕಿ ಎಲ್ಲಾ ತೆಗೆದಿಟ್ಟು ಊದುಬತ್ತಿ ಹಚ್ಚಿದ್ರು, ಏನೂ ಗೊತ್ತಾಗ್ಲಿಲ್ಲ. ಮನೆಗೆ ತಂದ ಎರಡನೇ ದಿನಕ್ಕೆ ಸಿಗರೇಟು ವಾಸನೆ ಶುರುವಾಯ್ತು. ಸೋಫಾ ಮೇಲೆ ಅಡುಗೆ ಸೋಡಾ ಉದುರಿಸಿ ವ್ಯಾಕ್ಯೂಮ್ ಮಾಡಿದ್ವಿ, ಟೆರೇಸ್ ಮೇಲೆ ಬಿಸಿಲಿಗೆ ಹಾಕಿದ್ವಿ, ಬೀರು ಒಳಗೆ ಕಾಫಿ ಪುಡಿ, ನುಸಿಗುಳಿಗೆ ಎಲ್ಲಾ ಇಟ್ವಿ. ಏಪ್ರಿಲ್ ಮೇನಲ್ಲಿ ಹೋಯ್ತು ಅಂದ್ಕೊಂಡ್ವಿ, ಜೂನಲ್ಲಿ ಮಳೆ ಹಿಡಿದ ಮೇಲೆ ಮೊದಲಿಗಿಂತ ಜಾಸ್ತಿ ಬರ್ತಿದೆ. ನಮಗೆ ಎಂಟು ತಿಂಗಳ ಮಗು ಇದೆ, ಅಂಬೆಗಾಲಿಡ್ತಾ ಸೋಫಾ ಹಿಡ್ಕೊಂಡೇ ನಿಲ್ಲುತ್ತೆ, ಅದರ ಬಟ್ಟೇನ ಬಾಯಿಗೆ ಹಾಕ್ಕೊಳುತ್ತೆ. ಅತ್ತೆ ದಿನಾ ಸಂಜೆ ಸಾಂಬ್ರಾಣಿ ಹಾಕ್ತಿದಾರೆ. ಕ್ಲೀನಿಂಗ್‌ನವರೊಬ್ಬರು ಓಜೋನ್ ಮಷಿನ್ ಇಟ್ಟು ಒಂದೇ ದಿನದಲ್ಲಿ ತೆಗೆದುಕೊಡ್ತೀವಿ ಅಂತಿದಾರೆ. ಈ ವಾಸನೆ ಹೋಗುತ್ತಾ, ಮಗೂಗೆ ಏನಾದ್ರೂ ಆಗುತ್ತಾ, ಇಲ್ಲಾ ಎಲ್ಲಾ ಎತ್ತಿ ಗುಜರಿಗೆ ಹಾಕೋದಾ?"

ಉತ್ತರ: ಎಲ್ಲಾ ಗುಜರಿಗೆ ಹಾಕೋದು ಬೇಡ, ಮೊದಲು ಆ ಚಿಂತೆ ಬಿಡಿ. ಬೀರು ಉಳಿಯುತ್ತೆ, ಫ್ಯಾನು ಉಳಿಯುತ್ತೆ, ಪರದೆ ಬಹುಶಃ ಉಳಿಯುತ್ತೆ, ಪುಸ್ತಕಕ್ಕೆ ತಾಳ್ಮೆ ಬೇಕು ಆದ್ರೆ ಅದೂ ಉಳಿಯುತ್ತೆ. ಸೋಫಾದಲ್ಲಿ ಮರದ ಫ್ರೇಮ್ ಉಳಿಯುತ್ತೆ, ಫೋಮು ಮತ್ತೆ ಬಟ್ಟೆ ಉಳಿಯಲ್ಲ. ಓಜೋನ್‌ನವರನ್ನ ಈಗಲೇ ಬೇಡ ಅಂದುಬಿಡಿ. ನಾನು ಹಳೇ ಫರ್ನಿಚರ್ ರಿಪೇರಿ, ಪಾಲಿಶ್ ಮತ್ತೆ ಕುಷನ್ ಕೆಲಸದಲ್ಲೇ ಇರೋನು, ಸಿಗರೇಟು ಸೇದೋರ ಮನೆ ಸಾಮಾನು ನಮ್ಮಲ್ಲಿಗೆ ಬರ್ತಾನೇ ಇರುತ್ತೆ, ನೀವು ಮಾಡಿದ್ದನ್ನೆಲ್ಲಾ ಮಾಡಿ ಸಾಕಾಗಿ ತರೋರೇ ಜಾಸ್ತಿ. ಅವರೆಲ್ಲಾ ವಾಸನೆ ಗಾಳೀಲಿದೆ ಅಂದ್ಕೊಂಡು ಗಾಳಿಗೇ ಚಿಕಿತ್ಸೆ ಮಾಡಿರ್ತಾರೆ. ಅದು ಗಾಳೀಲಿಲ್ಲ, ಸಾಮಾನಿನ ಮೇಲೆ ಮತ್ತೆ ಒಳಗೆ ಅಂಟ್ಕೊಂಡು ಕೂತಿರೋ ಪದಾರ್ಥದಲ್ಲಿದೆ. ಆ ಪದಾರ್ಥ ಹೋದ್ರೆ ಮಾತ್ರ ವಾಸನೆ ಹೋಗೋದು.

ಸಿಗರೇಟು ಹೊಗೆ ಅಂದ್ರೆ ಬರೀ ಹೊಗೆ ಅಲ್ಲ, ಅದರಲ್ಲಿ ಒಂದು ಮೈಕ್ರಾನ್‌ಗಿಂತ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಸಣ್ಣ ಸಣ್ಣ, ಟಾರ್ ಅನ್ನೋ ಅಂಟು ಜಿಡ್ಡಿನ ಕಣಗಳಿರುತ್ತೆ, ಅದರ ಜೊತೆ ನಿಕೋಟಿನ್ ಆವಿ, ಇನ್ನೂ ಸಾವಿರಾರು ಥರದ ರಾಸಾಯನಿಕ ಇರುತ್ತೆ. ರೂಮಲ್ಲಿ ಸೇದಿದಾಗ ಇದೆಲ್ಲಾ ಗೋಡೆ, ಮರ, ಬಟ್ಟೆ, ಕಾಗದ ಎಲ್ಲಿ ಜಾಗ ಸಿಗುತ್ತೋ ಅಲ್ಲಿ ಹೋಗಿ ಕೂರುತ್ತೆ. ಹತ್ತಾರು ವರ್ಷ ಸೇದಿದ ಮನೇಲಿ ಇದು ಪದರದ ಮೇಲೆ ಪದರ. ನಿಮ್ಮ ಬೀರು ಹಿಂಭಾಗಾನ ಒಂದ್ಸಲ ಒದ್ದೆ ಬಿಳಿ ಬಟ್ಟೇಲಿ ಒರೆಸಿ ನೋಡಿ, ಬಟ್ಟೆ ಚಹಾ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತೆ, ಮುಟ್ಟಿದ್ರೆ ಸ್ವಲ್ಪ ಅಂಟಂಟು. ನಿಮಗೆ ವಾಸನೆ ಕೊಡ್ತಿರೋದು ಅದೇ.

ಮಳೆಗಾಲದಲ್ಲಿ ಯಾಕೆ ವಾಪಸ್ ಬಂತು ಅನ್ನೋದಕ್ಕೂ ಉತ್ತರ ಇಲ್ಲೇ ಇದೆ. ಬೇಸಿಗೇಲಿ ಟೆರೇಸ್ ಬಿಸಿಲಿಗೆ ಹಾಕಿದಾಗ ಮೇಲ್ಮೈಲಿದ್ದ ಹಗುರವಾದ ಅಂಶ ಆವಿಯಾಗಿ ಹೋಯ್ತು, ಗಾಳಿ ಒಣಗಿತ್ತು, ಒಳಗಿದ್ದದ್ದು ಒಳಗೇ ಗಟ್ಟಿಯಾಗಿ ಅಂಟ್ಕೊಂಡಿತ್ತು. ಜೂನಲ್ಲಿ ಗಾಳೀಲಿ ತೇವ ಜಾಸ್ತಿ ಆಯ್ತಲ್ಲ, ಆ ನೀರಿನ ಅಂಶ ಬಟ್ಟೆ ನಾರಿಗೂ ಮರದ ನಾರಿಗೂ ಹೋಗಿ ಕೂತ್ಕೊಳೋವಾಗ ಅಲ್ಲಿ ಮೊದಲೇ ಕೂತಿದ್ದ ವಾಸನೆ ಪದಾರ್ಥಾನ ಎಬ್ಬಿಸಿ ಆಚೆ ತಳ್ಳುತ್ತೆ. ಹಾಗಾಗಿ ಏಪ್ರಿಲಲ್ಲಿ ಹೋಯ್ತು ಅನ್ನೋದನ್ನ ನಂಬೋಕಾಗಲ್ಲ. ಸೆಕೆಂಡ್ ಹ್ಯಾಂಡ್ ಸಾಮಾನು ನಿಜವಾಗ್ಲೂ ಕ್ಲೀನ್ ಆಗಿದೆಯಾ ಅಂತ ಗೊತ್ತಾಗೋದು ಜುಲೈ ಆಗಸ್ಟ್‌ನಲ್ಲೇ.

ಈಗ ನೀವು ಮಾಡಿದ್ದರ ಬಗ್ಗೆ ಒಂದೊಂದಾಗಿ ಹೇಳ್ತೀನಿ, ತಪ್ಪು ಮಾಡಿದ್ರಿ ಅಂತಲ್ಲ, ಯಾಕೆ ಕೆಲಸ ಮಾಡ್ಲಿಲ್ಲ ಅಂತ ಗೊತ್ತಾದ್ರೆ ಮುಂದಿನದು ಸುಲಭ ಆಗುತ್ತೆ. ಅಡುಗೆ ಸೋಡಾ ಹುಳಿ ಥರದ ವಾಸನೆಗೆ ಪರವಾಗಿಲ್ಲ, ಕೆಟ್ಟ ಹಾಲು, ಬೆವರು ಅಂಥದ್ದಕ್ಕೆ. ಆದ್ರೆ ನಿಕೋಟಿನ್ ಕ್ಷಾರ ಗುಣದ್ದು, ಸೋಡಾನೂ ಕ್ಷಾರಾನೇ, ಎರಡೂ ಒಂದನ್ನೊಂದು ಹಿಡ್ಕೊಳಲ್ಲ. ಮೇಲಾಗಿ ಪುಡಿ ಮೇಲ್ಗಡೆ ಕೂರುತ್ತೆ, ವಾಸನೆ ನಾಲ್ಕಿಂಚು ಕೆಳಗಿದೆ. ಕಾಫಿ ಪುಡಿ, ರೂಮ್ ಸ್ಪ್ರೇ, ನಿಂಬೆಹಣ್ಣು ಇವೆಲ್ಲಾ ಒಂದು ವಾಸನೆ ಮೇಲೆ ಇನ್ನೊಂದು ವಾಸನೆ ಹೊದಿಸೋದು ಅಷ್ಟೇ. ನಾಯಿ ಬೆಕ್ಕಿನ ಮೂತ್ರಕ್ಕೆ ಅಂತ ಎನ್ಜೈಮ್ ಕ್ಲೀನರ್ ಸಿಗುತ್ತಲ್ಲ, ಅದೂ ಟಾರ್‌ಗೆ ಏನೂ ಮಾಡಲ್ಲ, ದುಡ್ಡು ಹಾಕ್ಬೇಡಿ.

ಸಾಂಬ್ರಾಣಿ ವಿಷಯ ಸ್ವಲ್ಪ ನಾಜೂಕು, ಅತ್ತೆಯವರು ಮಗೂಗೆ ಒಳ್ಳೇದಾಗ್ಲಿ ಅಂತಾನೇ ಹಾಕ್ತಿರೋದು. ಆದ್ರೆ ಸಾಂಬ್ರಾಣಿ ಹೊಗೇನೂ ಹೊಗೇನೇ, ಅದರಲ್ಲೂ ಸಣ್ಣ ಕಣ ಇದೆ, ಅದೂ ಹೋಗಿ ಅದೇ ಸೋಫಾ ಮೇಲೆ ಕೂರುತ್ತೆ. ಎಂಟು ತಿಂಗಳ ಮಗು ಇರೋ ಮುಚ್ಚಿದ ಮನೇಲಿ ದಿನಾ ಸಂಜೆ ಹೊಗೆ ಹಾಕೋದು ಬೇಡ. ದೇವರಿಗೆ ಅಂತ ಹಾಕೋದಾದ್ರೆ ಕಿಟಕಿ ತೆಗೆದು, ಮಗು ಬೇರೆ ರೂಮಲ್ಲಿರೋವಾಗ ಹಾಕ್ಲಿ, ವಾಸನೆ ಹೋಗೋದಕ್ಕೆ ಅಂತ ಬೇಡ ಅಂತ ಸಮಾಧಾನವಾಗಿ ಹೇಳಿ. ನುಸಿಗುಳಿಗೆ ಮಾತ್ರ ಇವತ್ತೇ ಮನೆಯಿಂದ ಆಚೆ ಹಾಕಿ, ಇದನ್ನ ಒತ್ತಿ ಹೇಳ್ತೀನಿ. ಅದರಲ್ಲಿರೋ ನ್ಯಾಫ್ತಲೀನ್ ಆವಿ ಜಿ6ಪಿಡಿ ಅನ್ನೋ ಎನ್ಜೈಮ್ ಕೊರತೆ ಇರೋ ಮಕ್ಕಳಲ್ಲಿ ರಕ್ತದ ಕೆಂಪು ಕಣ ಒಡೆಯೋ ಹಾಗೆ ಮಾಡುತ್ತೆ, ಎಷ್ಟೋ ಮಕ್ಕಳಿಗೆ ಆ ಕೊರತೆ ಇದೆ ಅಂತ ಅಪ್ಪ ಅಮ್ಮಂಗೇ ಗೊತ್ತಿರಲ್ಲ. ನುಸಿಗುಳಿಗೆ ಜೊತೆ ಇದ್ದ ಮಗೂ ಬಟ್ಟೆ ಏನಾದ್ರೂ ಇದ್ರೆ ಎಲ್ಲಾ ತೊಳೆದು ಗಾಳಿಗೆ ಹಾಕಿ ಆಮೇಲೆ ಮಗೂಗೆ ಹಾಕಿ.

ಮಗೂಗೆ ಏನಾಗುತ್ತೆ ಅಂತ ಕೇಳಿದೀರಿ. ನಾನು ಡಾಕ್ಟರಲ್ಲ, ಆದ್ರೆ ಈ ಕೆಲಸದಲ್ಲಿರೋದ್ರಿಂದ ಇದರ ಬಗ್ಗೆ ಓದ್ಕೊಂಡಿದೀನಿ. ಸೇದಿ ಮುಗಿಸಿದ ಮೇಲೂ ಸಾಮಾನಿನ ಮೇಲೆ ಉಳಿಯೋ ಈ ಕೊಳೆಗೆ ಥರ್ಡ್ ಹ್ಯಾಂಡ್ ಸ್ಮೋಕ್ ಅಂತ ಕರೀತಾರೆ, 2009ರಿಂದ ಈಚೆಗೆ ಇದರ ಬಗ್ಗೆ ಜಾಸ್ತಿ ಸಂಶೋಧನೆ ಆಗಿದೆ. ಅಮೆರಿಕದ ಸ್ಯಾನ್ ಡಿಯಾಗೋ ಸ್ಟೇಟ್ ಯೂನಿವರ್ಸಿಟಿಯವರು ಸೇದೋರು ಖಾಲಿ ಮಾಡಿದ ಮನೆಗಳನ್ನ ಪರೀಕ್ಷೆ ಮಾಡಿದ್ರು, ಎರಡು ತಿಂಗಳು ಖಾಲಿ ಬಿಟ್ಟು ಕ್ಲೀನ್ ಮಾಡಿ ಹೊಸಬರು ಬಂದ ಮೇಲೂ ಧೂಳಲ್ಲಿ, ಗೋಡೆ ಮೇಲೆ ನಿಕೋಟಿನ್ ಸಿಕ್ತು. 2010ರಲ್ಲಿ ಅಮೆರಿಕದ್ದೇ ಬರ್ಕ್ಲಿ ಲ್ಯಾಬ್ ಅನ್ನೋ ಸಂಶೋಧನಾ ಸಂಸ್ಥೆಯವರು ಇನ್ನೊಂದು ತೋರಿಸಿದ್ರು, ಅಂಟ್ಕೊಂಡಿರೋ ನಿಕೋಟಿನ್ ಮನೆ ಗಾಳೀಲಿರೋ ನೈಟ್ರಸ್ ಆಸಿಡ್ ಜೊತೆ ಸೇರಿ ನೈಟ್ರೊಸಮೀನ್ ಅನ್ನೋ, ಕ್ಯಾನ್ಸರ್ ತರೋ ಗುಂಪಿನ ಪದಾರ್ಥ ಆಗುತ್ತೆ ಅಂತ. ಆ ನೈಟ್ರಸ್ ಆಸಿಡ್ ಎಲ್ಲಿಂದ ಬರುತ್ತೆ ಅಂದ್ರೆ ಗ್ಯಾಸ್ ಸ್ಟೌವ್ ಉರಿಯಿಂದ, ವಾಹನದ ಹೊಗೆಯಿಂದ, ಎರಡೂ ನಮ್ಮ ಊರಲ್ಲಿ ಇದ್ದದ್ದೇ.

ಇದನ್ನ ಕೇಳಿ ಗಾಬರಿ ಆಗ್ಬೇಡಿ. ಇಷ್ಟು ಸೋಫಾದಿಂದ ಇಂಥಾ ಕಾಯಿಲೆ ಅಂತ ಲೆಕ್ಕ ಹಾಕಿ ಹೇಳೋ ಮಟ್ಟಕ್ಕೆ ವಿಜ್ಞಾನ ಬಂದಿಲ್ಲ, ಮನೇಲಿ ಯಾರಾದ್ರೂ ಕೂತ್ಕೊಂಡು ಸೇದೋದರ ಮುಂದೆ ಇದು ಸಣ್ಣದೇ. ಆದ್ರೆ ಅಂಬೆಗಾಲಿಡೋ ಮಗು ನಮ್ಮ ಥರ ಅಲ್ಲ, ಮುಟ್ಟಿದ್ದನ್ನೆಲ್ಲಾ ಬಾಯಿಗೆ ಹಾಕುತ್ತೆ, ಅದರ ತೂಕಕ್ಕೆ ಹೋಲಿಸಿದ್ರೆ ಉಸಿರಾಡೋ ಗಾಳಿನೂ ನಮಗಿಂತ ಜಾಸ್ತಿ. ಹಾಗಾಗಿ ನನ್ನ ಅಭಿಪ್ರಾಯ ಖಡಾಖಂಡಿತ: ಸೋಫಾ ಕೆಲಸ ಮುಗಿಯೋವರೆಗೂ ಅದು ಮಗು ಇರೋ ರೂಮಲ್ಲಿ ಬೇಡ. ಬಾಲ್ಕನಿ ಇದ್ರೆ ಬಾಲ್ಕನಿ, ಇಲ್ಲಾಂದ್ರೆ ಒಂದು ರೂಮಿಗೆ ಹಾಕಿ ಬಾಗಿಲು ಮುಚ್ಚಿ ಕಿಟಕಿ ತೆಗೆದಿಡಿ. ಮಗೂಗೆ ಕೆಮ್ಮು, ಉಬ್ಬಸ ಏನಾದ್ರೂ ಇದ್ರೆ ಮಕ್ಕಳ ಡಾಕ್ಟರಿಗೆ ಈ ಸೋಫಾ ವಿಷಯಾನೂ ಸೇರಿಸಿ ಹೇಳಿ. ಇನ್ನೊಂದು, ಮೂಗಿಗೆ ವಾಸನೆ ಬರ್ತಿಲ್ಲ ಅಂದ ಮಾತ್ರಕ್ಕೆ ನಿಕೋಟಿನ್ ಹೋಗಿದೆ ಅಂತಲ್ಲ. ವಾಸನೆ ಮುಚ್ಚೋದಕ್ಕಿಂತ ತೊಳೆದು ತೆಗೆಯೋದೇ ಮುಖ್ಯ ಅಂತ ನಾನು ಪದೇ ಪದೇ ಹೇಳೋದು ಇದಕ್ಕೇ.

ಓಜೋನ್ ಯಾಕೆ ಬೇಡ ಅಂದ್ರೆ, ಅದು ಖಾಲಿ ರೂಮಲ್ಲಿ ಗಾಳಿ ಮತ್ತೆ ಮೇಲ್ಮೈ ವಾಸನೆ ಸ್ವಲ್ಪ ಕಮ್ಮಿ ಮಾಡುತ್ತೆ ನಿಜ, ಫೋಮಿನ ಆಳಕ್ಕೆ ಹೋಗಲ್ಲ. ಹೋದಷ್ಟು ಜಾಗದಲ್ಲೂ ನಿಕೋಟಿನ್ ಜೊತೆ ಸೇರಿ ಫಾರ್ಮಾಲ್ಡಿಹೈಡ್ ಮತ್ತೆ ಇನ್ನೂ ಸೂಕ್ಷ್ಮ ಕಣಗಳನ್ನ ಹುಟ್ಟಿಸುತ್ತೆ ಅಂತ ಸಂಶೋಧನೆ ಇದೆ. ರಬ್ಬರು, ಎಲಾಸ್ಟಿಕ್ಕು ಬಿರುಕು ಬಿಡುತ್ತೆ, ಬಟ್ಟೆ ಬಣ್ಣ ಮಂಕಾಗುತ್ತೆ. ಶ್ವಾಸಕೋಶಕ್ಕೆ ಓಜೋನೇ ಉರಿ, ಅಮೆರಿಕದ ಪರಿಸರ ಇಲಾಖೆ ಜನ ಇರೋ ಜಾಗದಲ್ಲಿ ಈ ಮಷಿನ್ ಬಳಸ್ಬೇಡಿ ಅಂತ ಸ್ಪಷ್ಟವಾಗಿ ಹೇಳಿದೆ. ಒಂದು ದಿನದಲ್ಲಿ ತೆಗೀತೀವಿ ಅನ್ನೋರು ಒಂದು ದಿನದ ವಾಸನೆ ತೆಗೀತಾರೆ, ಮುಂದಿನ ಮಳೆಗೆ ಮತ್ತೆ ನಿಮಗೇ ಬರುತ್ತೆ. ಏರ್ ಪ್ಯೂರಿಫೈಯರ್ ತಗೊಳೋಣ ಅಂತಿದ್ರೆ ಅದೂ ಗೊತ್ತಿರ್ಲಿ, ಹೆಪಾ ಫಿಲ್ಟರ್ ಕಣ ಹಿಡಿಯುತ್ತೆ, ವಾಸನೆ ಅಂದ್ರೆ ಆವಿ, ಅದಕ್ಕೆ ದಪ್ಪನೆ ಕಾರ್ಬನ್ ಫಿಲ್ಟರ್ ಬೇಕು. ಸೋಫಾ ಹಾಗೇ ಇಟ್ಕೊಂಡು ಪ್ಯೂರಿಫೈಯರ್ ಓಡಿಸೋದು ಮುಗಿಯದ ಕೆಲಸ.

ಈಗ ಸೋಫಾ. ಇದರಲ್ಲೇ ಜನ ಜಾಸ್ತಿ ದುಡ್ಡು ಕಳ್ಕೊಳೋದು. ಶಾಂಪೂ ಕ್ಲೀನಿಂಗ್, ಸ್ಟೀಮ್ ಕ್ಲೀನಿಂಗ್ ಅಂತ ಮನೆಗೇ ಬಂದು ಮಾಡ್ಕೊಡ್ತಾರಲ್ಲ, ಊಟದ ಕಲೆಗೆ ಅದು ಚೆನ್ನಾಗಿರುತ್ತೆ. ಸಿಗರೇಟಿಗೆ ಆಗಲ್ಲ, ಯಾಕಂದ್ರೆ ಅದು ತೊಳೆಯೋದು ಬಟ್ಟೇನ, ನೀರು ಮಾತ್ರ ಫೋಮಿಗೂ ಇಳಿಯುತ್ತೆ. ಒಣಗ್ತಾ ಒಣಗ್ತಾ ಆ ನೀರು ಫೋಮಲ್ಲಿದ್ದ ಟಾರ್‌ನ ಹೊತ್ಕೊಂಡು ಮೇಲೆ ಬಂದು ಬಟ್ಟೇಲಿ ಹಳದಿ ಕಲೆ ಬಿಟ್ಟು ಹೋಗುತ್ತೆ, ಕ್ಲೀನ್ ಮಾಡಿಸಿ ನಾಲ್ಕು ದಿನಕ್ಕೆ ಕಲೆ ಬಂತು ಅಂತ ಜಗಳ ಆಗೋದು ಇದಕ್ಕೇ. ಈ ಮಳೇಲಿ ನಾಲ್ಕಿಂಚು ಫೋಮ್ ಒಳಗಡೆ ಒಣಗೋದೂ ಇಲ್ಲ, ಬೂಷ್ಟು ಹಿಡಿದ್ರೆ ಎರಡು ವಾಸನೆ. ಪಿಯು (ಪಾಲಿಯುರೆಥೇನ್) ಫೋಮಿನ ಒಳಗೆ ಪೂರ್ತಿ ತೆರೆದ ಸಣ್ಣ ಸಣ್ಣ ಕೋಣೆಗಳು, ಒಬ್ಬರು ಕೂತು ಎದ್ದಾಗಲೆಲ್ಲಾ ಅದು ರೂಮಿನ ಗಾಳಿ ಎಳ್ಕೊಂಡು ಬಿಡುತ್ತೆ, ಅಷ್ಟು ವರ್ಷ ಹೊಗೆ ಗಾಳಿ ಎಳ್ಕೊಂಡಿರೋದನ್ನ ತೊಳೆದು ತೆಗೆಯೋ ದಾರಿ ನನಗೆ ಗೊತ್ತಿರೋ ಮಟ್ಟಿಗೆ ಇಲ್ಲ.

ಮಾಡ್ಬೇಕಾದ್ದು ಇಷ್ಟು. ಕುಷನ್ ಕೆಲಸದವರನ್ನ ಕರೆಸಿ, ಸೋಫಾ ತಲೆಕೆಳಗೆ ಮಾಡ್ಸಿ, ತಳದಲ್ಲಿ ಪಿನ್ ಹೊಡೆದಿರೋ ಕಪ್ಪು ಬಟ್ಟೆ ಒಂದು ಕಡೆ ಬಿಚ್ಚಿಸಿ ನೋಡಿ. ಒಳಗೆ ಸಾಲ್ ಮರವೋ ಸಿಲ್ವರ್ ಓಕೋ ಗಟ್ಟಿ ಮರ ಇದ್ದು, ಕೀಲು ಅಲ್ಲಾಡದೇ ಇದ್ರೆ ಹೊಸ ಫೋಮು ಬಟ್ಟೆಗೆ ದುಡ್ಡು ಹಾಕೋದು ಲಾಭ. ಪೈನ್ ಪಟ್ಟಿ, ಪಾರ್ಟಿಕಲ್ ಬೋರ್ಡ್ ಇದ್ದು ಕಿರ್ ಕಿರ್ ಅಂತಿದ್ರೆ ಆ ಸೋಫಾ ಬಿಟ್ಟುಬಿಡಿ, ಅದಕ್ಕೆ ಹಾಕೋ ದುಡ್ಡಿಗೆ ಸ್ವಲ್ಪ ಸೇರಿಸಿದ್ರೆ ಹೊಸದೇ ಬರುತ್ತೆ. ಮಾಡಿಸೋದಾದ್ರೆ ಫೋಮು, ಬಟ್ಟೆ, ಒಳಗಿನ ಹತ್ತಿ ಅಥವಾ ತೆಂಗಿನ ನಾರು, ತಳದ ಕಪ್ಪು ಬಟ್ಟೆ, ಎಲಾಸ್ಟಿಕ್ ಬೆಲ್ಟು ಎಲ್ಲಾ ಹೊಸದು ಅಂತ ಮೊದಲೇ ಮಾತಾಡ್ಕೊಳಿ. ಇಲ್ಲೊಂದು ಹುಷಾರಾಗಿರ್ಬೇಕು, ನಮ್ಮ ಲೈನಲ್ಲಿ ಖರ್ಚು ಉಳಿಸೋಕೆ ಹಳೇ ಫೋಮ್ ಮೇಲೇನೇ ಒಂದಿಂಚು ಹೊಸ ಫೋಮ್ ಅಂಟಿಸಿ ಹೊಸ ಬಟ್ಟೆ ಹೊಲಿದು ಕೊಡೋದುಂಟು, ಸಾಮಾನ್ಯ ಸೋಫಾಗೆ ಅದು ತಪ್ಪೂ ಅಲ್ಲ, ನಿಮ್ಮದಕ್ಕೆ ಮಾತ್ರ ಪೂರ್ತಿ ದಂಡ. ಹಳೇ ಫೋಮ್ ಒಂದು ತುಂಡೂ ಒಳಗಿರ್ಬಾರ್ದು ಅಂತ ಹೇಳಿ, ಬಿಚ್ಚಿದ ಫೋಮ್ ನಿಮ್ಮ ಕಣ್ಣ ಮುಂದೆ ಹೊರಗೆ ಹೋಗ್ಲಿ. ಸೀಟಿಗೆ 40 ಡೆನ್ಸಿಟಿ, ಒರಗೋ ಕಡೆಗೆ 32 ಸಾಕು.

ಬರೀ ಫ್ರೇಮ್ ಉಳಿದಾಗ ಅದನ್ನೂ ಹಾಗೇ ಬಿಡ್ಬೇಡಿ, ಒಳಗಿನ ಮರಕ್ಕೆ ಪಾಲಿಶ್ ಇರಲ್ಲ, ಅದೂ ಕುಡಿದಿರುತ್ತೆ. ಧೂಳು ತೆಗೆದು, ಮೊದಲು ಸೋಪು ನೀರಲ್ಲಿ, ಆಮೇಲೆ ವಿನೆಗರ್ ನೀರಲ್ಲಿ ಹಿಂಡಿದ ಬಟ್ಟೇಲಿ ಒರೆಸಿ, ಎರಡು ದಿನ ಫ್ಯಾನ್ ಗಾಳಿಗೆ ಒಣಗಿಸಿ, ಅರಗಿನ ಸ್ಪಿರಿಟ್ ಪಾಲಿಶ್ ಎರಡು ಕೋಟ್ ಹೊಡೆಸಿ. ಅದರ ಕಾರಣ ಬೀರು ಬಗ್ಗೆ ಹೇಳೋವಾಗ ಹೇಳ್ತೀನಿ. ಹೊಸ ಫೋಮಿಗೂ ಗಮ್‌ಗೂ ಅದರದ್ದೇ ವಾಸನೆ ಇರುತ್ತೆ, ಕೆಲಸ ಆದ ಮೇಲೆ ಒಂದು ವಾರ ಹತ್ತು ದಿನ ಕಿಟಕಿ ತೆಗೆದಿರೋ ರೂಮಲ್ಲಿಟ್ಟು ಆಮೇಲೆ ಮಗು ಹತ್ರ ಬಿಡಿ. ರೆಕ್ಸಿನ್ ಸೋಫಾ ಇದ್ದೋರು ಇದನ್ನ ಓದ್ತಿದ್ರೆ, ರೆಕ್ಸಿನ್ ಮೇಲ್ಮೈ ಸೋಪು ನೀರಲ್ಲಿ ಒರೆಸಿದ್ರೆ ಹೋಗುತ್ತೆ, ಆದ್ರೆ ಹೊಲಿಗೆ ತೂತು, ಹಿಂದಿನ ಬಟ್ಟೆ ಮೂಲಕ ಫೋಮಿಗೂ ಹೋಗಿರುತ್ತೆ, ಬಟ್ಟೆ ಸೋಫಾದಷ್ಟು ಕೆಟ್ಟಿರಲ್ಲ ಅಷ್ಟೇ.

ತೇಗದ ಬೀರು ಬಗ್ಗೆ ನಿಮಗೆ ಬೇಜಾರೇ ಬೇಡ, ಒಳ್ಳೇ ಸಾಮಾನು ಸಿಕ್ಕಿದೆ. ಪಾಲಿಶ್ ಆಗಿರೋ ಹೊರಭಾಗದಲ್ಲಿ ಕೊಳೆ ಮೇಲೇ ಕೂತಿರುತ್ತೆ, ಒರೆಸಿದ್ರೆ ಹೋಗುತ್ತೆ. ತೊಂದರೆ ಇರೋದು ಪಾಲಿಶ್ ಇಲ್ಲದ ಕಡೆ, ಡ್ರಾಯರ್ ಒಳಗೆ, ಡ್ರಾಯರಿನ ತಳದಲ್ಲಿ, ಶೆಲ್ಫ್‌ನ ಅಡಿಭಾಗ, ಹಿಂದಿನ ಪ್ಲೈವುಡ್ಡು. ಎಲ್ಲಾ ಡ್ರಾಯರ್ ಪೂರ್ತಿ ಹೊರಗೆ ಎಳೆದು ಒಂದೊಂದನ್ನೂ ಮೂಸಿ ನೋಡಿ, ಎಲ್ಲಿಂದ ಬರ್ತಿದೆ ಅಂತ ಗೊತ್ತಾಗುತ್ತೆ. ಒಳಗೆ ಹಳೇ ಪೇಪರ್ ಅಂಟಿಸಿದ್ರೆ ಕಿತ್ತು ಬಿಸಾಕಿ, ಅರ್ಧ ವಾಸನೆ ಅಲ್ಲೇ ಇರುತ್ತೆ.

ಒರೆಸೋಕೆ ಮುಂಚೆ ಹೊರಗಿನ ಪಾಲಿಶ್ ಯಾವ್ದು ಅಂತ ನೋಡ್ಕೊಳಿ. ಕಾಲಿನ ಒಳಭಾಗದಲ್ಲಿ, ಕಣ್ಣಿಗೆ ಕಾಣದ ಕಡೆ, ಹತ್ತಿ ಕಡ್ಡೀಲಿ ಒಂದು ಹನಿ ಸ್ಪಿರಿಟ್ ಹಚ್ಚಿ ಅರ್ಧ ನಿಮಿಷ ಬಿಟ್ಟು ಮುಟ್ಟಿ. ಬೆರಳಿಗೆ ಅಂಟಿದ್ರೆ ಅದು ಅರಗಿನ ಫ್ರೆಂಚ್ ಪಾಲಿಶ್, ಹಳೇ ತೇಗದ ಸಾಮಾನಿಗೆ ಸಾಮಾನ್ಯವಾಗಿ ಅದೇ ಇರುತ್ತೆ. ಅಂಟದೇ ಇದ್ರೆ ಮೆಲಮೈನ್ ಅಥವಾ ಪಿಯು ಪಾಲಿಶ್. ಫ್ರೆಂಚ್ ಪಾಲಿಶ್ ಮೇಲೆ ಸ್ಪಿರಿಟ್ಟು, ಸ್ಯಾನಿಟೈಸರ್ರು, ಬಟ್ಟೆ ಸೋಡಾ, ಅಮೋನಿಯಾ ಇರೋ ಗ್ಲಾಸ್ ಕ್ಲೀನರ್ ಯಾವ್ದೂ ಹಾಕ್ಬೇಡಿ, ಪಾಲಿಶೇ ಎದ್ದು ಬರುತ್ತೆ. ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯೋ ಲಿಕ್ವಿಡ್ ಎರಡೇ ಹನಿ, ಹತ್ತಿ ಬಟ್ಟೆ ಅದ್ದಿ ಚೆನ್ನಾಗಿ ಹಿಂಡಿ, ಒಂದು ಅಡಿ ಜಾಗ ಒರೆಸಿ, ತಕ್ಷಣ ಒಣ ಬಟ್ಟೇಲಿ ಒರೆಸಿ, ಆಮೇಲೆ ಮುಂದಿನ ಅಡಿ. ಬಟ್ಟೆ ಕಂದು ಆಗೋದು ನಿಲ್ಲೋವರೆಗೂ ನೀರು ಬದಲಾಯಿಸ್ತಾ ಹೋಗಿ. ಗ್ಲೌಸ್ ಹಾಕ್ಕೊಳಿ, ನಿಕೋಟಿನ್ ಚರ್ಮದಿಂದಾನೂ ಒಳಗೆ ಹೋಗುತ್ತೆ.

ಒಳಗಿನ ಪಾಲಿಶ್ ಇಲ್ಲದ ಮರಕ್ಕೆ ಬಿಳಿ ವಿನೆಗರ್ ಒಂದು ಪಾಲು, ನೀರು ಮೂರು ಪಾಲು. ವಿನೆಗರ್ ಹುಳಿ, ನಿಕೋಟಿನ್ ಕ್ಷಾರ, ಎರಡೂ ಸೇರಿದ್ರೆ ನೀರಲ್ಲಿ ಕರಗೋ, ಗಾಳಿಗೆ ಹಾರದ ಲವಣ ಆಗುತ್ತೆ, ಅದನ್ನ ಬಟ್ಟೇಲಿ ಎತ್ತಿ ತೆಗೀಬಹುದು, ವಿನೆಗರ್ ಕೆಲಸ ಮಾಡೋದು ಹೀಗೆ, ವಿನೆಗರ್ ವಾಸನೆಯಿಂದ ಅಲ್ಲ. ಟಾರ್ ಜಿಡ್ಡಿಗೆ ಮಾತ್ರ ಸೋಪೇ ಬೇಕು, ಹಾಗಾಗಿ ಮೊದಲು ಸೋಪು ನೀರು, ಆಮೇಲೆ ವಿನೆಗರ್ ನೀರು, ಈ ಕ್ರಮದಲ್ಲೇ ಮಾಡಿ. ಮರ ತೊಯ್ಯಬಾರ್ದು, ಪ್ಲೈವುಡ್ ಅಂತೂ ಉಬ್ಬುತ್ತೆ, ಹಿಂಡಿದ ಬಟ್ಟೆ ಅಷ್ಟೇ. ಮಾರ್ಬಲ್ ನೆಲ ಇದ್ರೆ ಕೆಳಗೆ ಏನಾದ್ರೂ ಹಾಸಿ, ವಿನೆಗರ್ ಬಿದ್ದ ಕಡೆ ಹೊಳಪು ಹೋಗುತ್ತೆ. ಎರಡು ಮೂರು ದಿನ ಬಾಗಿಲು ತೆಗೆದು ಫ್ಯಾನ್ ಹಾಕಿ ಒಣಗಿಸಿದ ಮೇಲೆ ಆಕ್ಟಿವೇಟೆಡ್ ಇದ್ದಿಲನ್ನ ಹತ್ತಿ ಬಟ್ಟೆ ಚೀಲದಲ್ಲಿ ಕಟ್ಟಿ ಪ್ರತಿ ಖಾನೇಲಿ ಇಟ್ಟು ಬಾಗಿಲು ಮುಚ್ಚಿ, ಎರಡು ವಾರ ಬಿಡಿ. ಅಕ್ವೇರಿಯಂ ಅಂಗಡೀಲಿ ಸಿಗುತ್ತೆ, ತೆಂಗಿನ ಚಿಪ್ಪಿಂದು ಆದ್ರೆ ಒಳ್ಳೇದು. ಒಂದು ಗ್ರಾಂ ಒಳಗೆ ಸಾವಿರ ಚದರ ಮೀಟರ್ ಆಸುಪಾಸು ಮೇಲ್ಮೈ ಇರುತ್ತೆ, ವಾಸನೆ ಹೋಗಿ ಅಲ್ಲಿ ಕೂರುತ್ತೆ. ಇಸ್ತ್ರಿ ಪೆಟ್ಟಿಗೆ ಇದ್ದಿಲು ಅದರ ಹತ್ರಾನೂ ಬರಲ್ಲ.

ಆಮೇಲೂ ಸ್ವಲ್ಪ ಉಳಿದಿದ್ರೆ, ಉಳಿದೇ ಉಳಿದಿರುತ್ತೆ ಅಂದ್ಕೊಳಿ, ಒಳಭಾಗಾನ 220 ನಂಬರ್ ಉಪ್ಪುಕಾಗದದಲ್ಲಿ ಹಗುರವಾಗಿ ಉಜ್ಜಿಸಿ (ಮಾಸ್ಕ್ ಹಾಕ್ಕೊಂಡು, ಮನೆ ಆಚೆ), ಅರಗಿನ ಪಾಲಿಶ್ ಎರಡು ಮೂರು ಕೋಟ್ ಕೊಡ್ಸಿ. ಚನ್ನಪಟ್ಟಣದ ಗೊಂಬೆಗೆ ಹಾಕೋ ಅರಗೇ ಇದು, ಸ್ಪಿರಿಟಲ್ಲಿ ಕರಗಿಸಿರೋದು. ವಾಸನೆ ಹೊರಗೆ ಬರದ ಹಾಗೆ ಮುಚ್ಚೋದ್ರಲ್ಲಿ ಇದನ್ನ ಮೀರಿಸೋದು ಕಮ್ಮಿ, ಒಣಗಿದ ಮೇಲೆ ಮಗು ಮುಟ್ಟಿದ್ರೂ ತೊಂದರೆ ಇಲ್ಲ, ಮಾತ್ರೆ ಮೇಲಿನ ಲೇಪಕ್ಕೂ ಅರಗು ಬಳಸ್ತಾರೆ. ಆದ್ರೆ ತೊಳೀದೇ ಮುಚ್ಚಿಸ್ಬೇಡಿ, ಜಿಡ್ಡಿನ ಮೇಲೆ ಪಾಲಿಶ್ ನಿಲ್ಲಲ್ಲ. ಮಳೆ ಬರೋ ದಿನಾನೂ ಬೇಡ, ತೇವಕ್ಕೆ ಅರಗು ಬೆಳ್ಳಗೆ ಮಂಜು ಹಿಡಿದ ಹಾಗೆ ಆಗುತ್ತೆ, ಎರಡು ದಿನ ಬಿಸಿಲು ಬಿದ್ದಾಗ ಮಾಡ್ಸಿ. ಸ್ಪಿರಿಟ್ ಬೆಂಕಿ ಹಿಡಿಯೋ ಪದಾರ್ಥ, ಆ ದಿನ ಹತ್ರ ಸ್ಟೌವ್, ದೀಪ ಏನೂ ಬೇಡ.

ಪರದೆ ಸುಲಭ. ಬಿಸಿ ನೀರು ತಡೆಯೋ ಹತ್ತಿ, ಪಾಲಿಯೆಸ್ಟರ್ ಆದ್ರೆ ಡಿಟರ್ಜೆಂಟ್ ಹಾಕಿ ಒಂದು ಗಂಟೆ ನೆನೆಸಿ ತೊಳೀರಿ, ಕೊನೇ ನೀರಿಗೆ ಅರ್ಧ ಬಕೆಟ್‌ಗೆ ಒಂದು ಲೋಟ ವಿನೆಗರ್. ಒಂದ್ಸಲಕ್ಕೆ ಹೋಗಲ್ಲ, ಎರಡು ಮೂರು ಸಲ ಮಾಡಿ, ಪೂರ್ತಿ ಹೋಗೋವರೆಗೂ ಇಸ್ತ್ರಿ ಹಾಕ್ಬೇಡಿ. ಹಿಂದೆ ರಬ್ಬರ್ ಥರ ಲೇಪ ಇರೋ ಬ್ಲ್ಯಾಕೌಟ್ ಪರದೆ ಆದ್ರೆ ಅದಕ್ಕೆ ಹೊಡೆದಾಡ್ಬೇಡಿ, ಹೊಸದು ತಗೊಳಿ. ಫ್ಯಾನು ಇನ್ನೂ ಸುಲಭ, ಪ್ಲಗ್ ತೆಗೆದು ಜಾಲರಿ, ರೆಕ್ಕೆ ಬಿಚ್ಚಿ ಸೋಪು ನೀರಲ್ಲಿ ತೊಳೆದು, ಮೋಟಾರ್ ಕವರ್ ಹಿಂದಿನ ಅಂಟು ಧೂಳು ಒಣ ಬ್ರಶ್ಶಲ್ಲಿ ತೆಗೀರಿ.

ಯಾವ ಹಂತದಲ್ಲೂ ಬ್ಲೀಚ್ ಜೊತೆ ವಿನೆಗರ್ ಸೇರಿಸ್ಬೇಡಿ. ಬ್ಲೀಚಿಂಗ್ ಪೌಡರ್ ಆಗ್ಲಿ, ಬಿಳಿ ಬಟ್ಟೆಗೆ ಹಾಕೋ ಬ್ಲೀಚ್ ಆಗ್ಲಿ, ಹುಳಿ ಸೇರಿದ್ರೆ ಕ್ಲೋರಿನ್ ಗ್ಯಾಸ್ ಬರುತ್ತೆ. ಬಾತ್‌ರೂಮಲ್ಲಿ ಬಾಗಿಲು ಹಾಕ್ಕೊಂಡು ಪರದೆ ತೊಳೆಯೋವಾಗ ಇದು ನಿಜವಾಗ್ಲೂ ಆಗೋ ಅಪಾಯ.

ಪುಸ್ತಕದ ಬಗ್ಗೆ ನೀವು ಒಂದೇ ಸಾಲು ಬರೆದಿದೀರಿ, ನನಗೆ ಅದರ ಬಗ್ಗೇನೇ ಜಾಸ್ತಿ ಕಾಳಜಿ, ಯಾಕಂದ್ರೆ ಸೋಫಾ ಹೋದ್ರೆ ಇನ್ನೊಂದು ಬರುತ್ತೆ, ಹಳೇ ಕನ್ನಡ ಪುಸ್ತಕ ಎಷ್ಟೋ ಮರುಮುದ್ರಣ ಆಗಿರಲ್ಲ. ಹಳೇ ಪುಸ್ತಕದಂಗಡಿ ಇರೋ ಅವಿನ್ಯೂ ರೋಡಲ್ಲೇ ಹುಡುಕಿದ್ರೂ ಸಿಗಲ್ಲ. ಕಾಗದಕ್ಕೆ ನೀರು, ವಿನೆಗರ್ ಮುಟ್ಟಿಸೋ ಹಾಗಿಲ್ಲ, ಬಿಸಿಲಿಗೂ ಬೇಡ, ಹಳದಿ ಆಗಿ ಮುರಿಯುತ್ತೆ. ಪುಟದ ಮಧ್ಯೆ ಸೋಡಾ ಪುಡಿ ಉದುರಿಸೋದೂ ಬೇಡ, ಹೊಲಿಗೆ ಒಳಗೆ ಸೇರ್ಕೊಂಡ್ರೆ ತೆಗೆಯೋಕಾಗಲ್ಲ. ರಟ್ಟಿಗೆ ಲ್ಯಾಮಿನೇಶನ್ ಇದ್ರೆ ಅದನ್ನ ಮಾತ್ರ ಹಿಂಡಿದ ಬಟ್ಟೇಲಿ ಒರೆಸಿ, ಪುಸ್ತಕಾನ ನಿಲ್ಲಿಸಿ ಪುಟಗಳನ್ನ ಬಿಡಿಸಿ ನೆರಳಲ್ಲಿ ಫ್ಯಾನ್ ಕೆಳಗೆ ಎರಡು ದಿನ ಇಡಿ. ಆಮೇಲೆ ಮುಚ್ಚಳ ಗಟ್ಟಿ ಇರೋ ಪ್ಲಾಸ್ಟಿಕ್ ಡಬ್ಬದಲ್ಲಿ ತಳಕ್ಕೆ ಇದ್ದಿಲ ಚೀಲ, ಅದರ ಮೇಲೆ ಒಂದು ಜಾಲರಿ ಅಥವಾ ತೂತಿರೋ ಟ್ರೇ, ಅದರ ಮೇಲೆ ಪುಸ್ತಕಾನ ಸ್ವಲ್ಪ ಬಿಡಿಸಿ ನಿಲ್ಲಿಸಿ. ಮಳೆಗಾಲ ಆದ್ರಿಂದ ಸಿಲಿಕಾ ಜೆಲ್ ಪೊಟ್ಟಣಾನೂ ಹಾಕಿ, ಇಲ್ಲಾಂದ್ರೆ ಮುಚ್ಚಿದ ಡಬ್ಬದಲ್ಲಿ ಬೂಷ್ಟು ಬರುತ್ತೆ. ವಾರಕ್ಕೊಂದ್ಸಲ ತೆಗೆದು ನೋಡಿ, ಇದ್ದಿಲು ಬದಲಾಯಿಸಿ. ಒಂದು ತಿಂಗಳಿಂದ ಮೂರು ತಿಂಗಳವರೆಗೂ ಹಿಡಿಯಬಹುದು, ನುಣುಪು ಕಾಗದಕ್ಕೆ ಬೇಗ, ನ್ಯೂಸ್‌ಪ್ರಿಂಟ್ ಥರ ಒರಟು ಕಾಗದಕ್ಕೆ ನಿಧಾನ. ಅಲ್ಲಿವರೆಗೂ ನಿಮ್ಮ ಬೇರೆ ಪುಸ್ತಕದ ಪಕ್ಕ ಜೋಡಿಸ್ಬೇಡಿ, ಅವಕ್ಕೂ ಹಿಡಿಯುತ್ತೆ.

ಕೆಲಸ ಆಗಿದೆಯಾ ಅಂತ ನೋಡೋಕೆ ನಿಮ್ಮ ಮೂಗನ್ನ ನಂಬ್ಬೇಡಿ, ನಾಲ್ಕು ತಿಂಗಳಿಂದ ಅದೇ ವಾಸನೇಲಿ ಇದೀರಿ, ಮೂಗು ಒಗ್ಗಿರುತ್ತೆ. ಒಂದು ಡ್ರಾಯರಲ್ಲಿ ಒದ್ದೆ ಬಟ್ಟೇನ ಒಂದು ತಟ್ಟೇಲಿಟ್ಟು ಮುಚ್ಚಿ ಎರಡು ದಿನ ಬಿಡಿ, ಆಮೇಲೆ ಸಿಗರೇಟು ಸೇದದೇ ಇರೋ, ಹೊರಗಿನಿಂದ ಬಂದ ಒಬ್ಬರ ಕೈಲಿ ತೆಗೆಸಿ ಮೂಸಿಸಿ. ಅವರಿಗೆ ಬರ್ಲಿಲ್ಲ ಅಂದ್ರೆ ಮಗೂ ಬಟ್ಟೇನ ಆ ಬೀರುಗೇ ಜೋಡಿಸಿ. ಬಂದ್ರೆ ಯಾವ ಖಾನೆ ಅಂತ ಹುಡುಕಿ ಅದೊಂದಕ್ಕೇ ಇನ್ನೊಂದ್ಸಲ ತೊಳೆದು ಇನ್ನೊಂದು ಕೋಟ್ ಕೊಡ್ಸಿ, ಪೂರ್ತಿ ಬೀರು ಮತ್ತೆ ಮಾಡಿಸೋ ಅಗತ್ಯ ಬೀಳಲ್ಲ.